ದೂರು ಪುಸ್ತಕ, ಕಾಸರಗೋಡು

ನಮ್ಮ ದೂರು ಪುಸ್ತಕದ ಪೆನ್ನಿಗೆ ದಾರ ಕಟ್ಟಿದ್ದಾರೆ,
ಮೊಳಕ್ಕೂ ಕಮ್ಮಿ.
ಪುಟದ ಮುಕ್ಕಾಲಿಗೆ ಬರುವಾಗ ಅದು ಎಳೆಯುತ್ತದೆ.
ಎಲ್ಲರ ಕೊನೆಯ ಸಾಲೂ ಮೇಲಕ್ಕೆ ಓಡುತ್ತದೆ,
ಹಗ್ಗ ಸಾಲದ ಕರುವಿನ ಹಾಗೆ.

ಸ್ಟೇಷನ್ ಮಾಸ್ಟರರು ತಿರೂರಿನ ಕಡೆಯವರು, ಒಳ್ಳೆಯ ಮನುಷ್ಯ.
ಕನ್ನಡದ ದೂರು ಬಂದರೆ ಪಾರ್ಸೆಲ್ ಆಫೀಸಿಗೆ ಆಳು ಕಳಿಸುತ್ತಾರೆ:
"ಮಣಿಯಾಣಿಯನ್ನು ಕರಿ, ಇದೆಂತದು ಕೇಳು."
ನಾನು ಮೀನಿನ ಪೆಟ್ಟಿಗೆಗಳ ನಡುವಿನಿಂದ ಎದ್ದು
ಕೈ ಒರೆಸಿಕೊಂಡು ಹೋಗುತ್ತೇನೆ.
ಬೇಳದ ಶಾಲೆಯಲ್ಲಿ ಕಲಿತ ಕನ್ನಡ
ಸರಕಾರಕ್ಕೆ ಬೇಕಾಗುವುದು ಅಷ್ಟೇ ಹೊತ್ತು.

ಸಾಮಾನ್ಯ ದೂರುಗಳು ನನಗೆ ಬಾಯಿಪಾಠ.
ಜಿರಳೆ. ಬಾಚಣಿಗೆ ಹಾಕಿ ತಿರುಗಿಸಿದ ಮೇಲೆಯೇ ಫ್ಯಾನು.
ಕಂಬಳಿಗೆ ಯಾರದೋ ತಲೆಎಣ್ಣೆಯ ವಾಸನೆ.
ಮಂಜೇಶ್ವರದ ಒಬ್ಬ ಡ್ರಾಯಿಂಗ್ ಮಾಸ್ಟ್ರು
ಹರಿದ ರೆಕ್ಸಿನ್ನಿನ ಚಿತ್ರವನ್ನೇ ಬಿಡಿಸಿದ್ದರು, ಅಳತೆ ಸಮೇತ.
ಇನ್ನೊಬ್ಬರು ಬರೀ "ಛೀ" ಎಂದು ಬರೆದು ಸಹಿ ಹಾಕಿದ್ದರು.
ಅದನ್ನು ಇಂಗ್ಲಿಷಿಗೆ ಮಾಡಲು ಅರ್ಧ ದಿನ ಹೋಯಿತು.

ಜಲಜಾಕ್ಷಿಯದ್ದು ಹಾಗಲ್ಲ.
ಸೀತಾಂಗೋಳಿಯವಳು, ಬೀಡಿ ಕಟ್ಟುವವಳು,
ಗಂಡನ ಗಂಟಲಿನ ಆಪರೇಶನ್ ಮುಗಿಸಿ ಮುಂಬೈಯಿಂದ ಇಳಿದವಳು.
ಅವನನ್ನು ಬೆಂಚಿನಲ್ಲಿ ಕೂರಿಸಿ ನಿಂತೇ ಬರೆದಳು,
ಎಲೆ ಸುರುಟುವ ಬೆರಳಿನ ಸಣ್ಣ, ಬಿಗಿ ಅಕ್ಷರ:

"ರತ್ನಾಗಿರಿ ಕಳೆದ ಮೇಲೆ ನಳ್ಳಿಯಲ್ಲಿ ನೀರಿಲ್ಲ.
ಕಕ್ಕಸಿನಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲ, ಹೇಸಿಗೆ.
ಇವರಿಗೆ ಮಾತು ಬರುವುದಿಲ್ಲ, ಹೊಟ್ಟೆ ಹಿಡಿದು ತೋರಿಸುತ್ತಾರೆ.
ಲೈಟು ಹೋಗಿತ್ತು, ಸುರಂಗ ಬಂದರೆ ಕೈಸನ್ನೆಯೂ ಕಾಣುವುದಿಲ್ಲ.
ಕಡೆಗೆ ನನ್ನ ಸೆರಗು ಹರಿದು ಒರೆಸಿದೆ.
ಹೊಸ ಸೀರೆ ಅಲ್ಲ, ಆದರೂ.
ಗುಡಿಸುವ ಹುಡುಗನಿಗೆ ಬೈಯಬೇಡಿ.
ಅವನ ಹತ್ತಿರ ಹಿಡಿಸೂಡಿ ಮಾತ್ರ ಇದ್ದದ್ದು.
ತಾನು ಕುಡಿಯುವ ಬಾಟಲಿಯ ನೀರನ್ನು ಇವರಿಗೆ ತೊಳೆಯಲಿಕ್ಕೆ ಕೊಟ್ಟ,
ಕಾರವಾರದ ತನಕ ಬಾಯಿ ಒಣಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದ.
ಹೆಸರು ಕೇಳಿದೆ, ಬಿಕಾಶ ಅಂತ."

ದೂರಿನ ಸ್ವರೂಪ ಎಂಬ ಕಾಲಮ್ಮು ಮೂರು ಬೆರಳು ಅಗಲ.
ಹೇಸಿಗೆಗೆ ಒಂದು ಒಣ ಇಂಗ್ಲಿಷು ಶಬ್ದ ಹಾಕಿದೆ.
ಸೆರಗಿಗೆ ಜಾಗ ಸಾಲಲಿಲ್ಲ.
"ಆದರೂ" ಎಂಬುದಕ್ಕಂತೂ ಕಾಲಮ್ಮೇ ಇಲ್ಲ.
ಹುಡುಗನ ಸಾಲಿಗೆ ಬರುವಾಗ ಗೆರೆ ಮುಗಿದಿತ್ತು,
ಹೊರಗೆ ಗಾಡಿಗೆ ಮೀನು ಏರಿಸುವ ಹೊತ್ತು.
ಅದು ದೂರಲ್ಲವಲ್ಲ, ಅಂದುಕೊಂಡೆ.
ಅಂಚಿನಲ್ಲಿ ಹೆಸರು ಮಾತ್ರ ಬರೆದೆ:
ಗುಡಿಸುವವ, ಬಿಕಾಶ.

ನಲವತ್ತು ದಿನಕ್ಕೆ ಉತ್ತರ ಬಂತು, ಮೊಹರಿನೊಂದಿಗೆ.
ತನಿಖೆ ನಡೆಸಲಾಗಿದೆ.
ಹೆಸರಿಸಲಾದ ನೌಕರನನ್ನು ಗುತ್ತಿಗೆದಾರರು ಕೆಲಸದಿಂದ ತೆಗೆದಿರುತ್ತಾರೆ.
ಆದ ಅನಾನುಕೂಲಕ್ಕೆ ವಿಷಾದ. ಕಡತ ಮುಕ್ತಾಯ.
ನೀರಿನ ಬಗ್ಗೆ ಒಂದಕ್ಷರ ಇರಲಿಲ್ಲ.

ಮೊನ್ನೆ ಪೇಟೆಗೆ ಬಂದವಳು ಕಿಟಕಿಯಲ್ಲಿ ಇಣುಕಿದಳು:
"ನಾನು ಬರೆದದ್ದಕ್ಕೆ ಎಂತಾದರೂ ಬಂತಾ?"
"ಬಂತು. ವಿಷಾದವಂತೆ."
"ನೀರು?"
"ಗೊತ್ತಿಲ್ಲ."
"ಆ ಹುಡುಗ?"

ಪೆಟ್ಟಿಗೆಯ ಐಸು ಕರಗಿ
ನನ್ನ ಚಪ್ಪಲಿಯಡಿಗೆ ಮೀನಿನ ನೀರು ಬಂದಿತ್ತು.
ಹೇಳಿದೆ. ಕನ್ನಡದಲ್ಲೇ ಹೇಳಬೇಕಾಯಿತು,
ಮೂರು ಬೆರಳಿನ ನೆಪ ಅಲ್ಲಿ ನಡೆಯುವುದಿಲ್ಲ.

ಅವಳು ಬೈಯಲಿಲ್ಲ.
ಚೀಲ ಕೆಳಗಿಟ್ಟು, ಪುಸ್ತಕ ಕೊಡಿ, ಅಂದಳು.
ದಾರ ಎಳೆದು ನೋಡಿ, ಈ ಸಲ
ಪುಟದ ತಲೆಯಿಂದಲೇ ಶುರು ಮಾಡಿದಳು.
ಮಧ್ಯದಲ್ಲಿ ಒಮ್ಮೆ ನಿಂತು ನನ್ನ ಹೆಸರು ಕೇಳಿದಳು.
ಐತ್ತಪ್ಪ, ಎಂದೆ.
"ತಕಾರಕ್ಕೆ ಒತ್ತು ಉಂಟಾ?"
ಉಂಟು, ಎಂದೆ.